ಓಲ್ಡ್ ಸೇರಂ: ಊರು ಖಾಲಿಯಾಯಿತು, ಎರಡು ಸೀಟು ಉಳಿಯಿತು

ಲೋಕಸಭಾ ಕ್ಷೇತ್ರಗಳ ಪುನರ್ವಿಂಗಡಣೆ ಅಂದ ಕೂಡಲೇ ನಮ್ಮಲ್ಲಿ ಮಾತು ಒಂದೇ ಕಡೆ ಹೊರಳುತ್ತದೆ. ಕರ್ನಾಟಕದ 28 ಸೀಟು ಉಳಿಯುತ್ತಾ, ಇಳಿಯುತ್ತಾ? ಕೇಳಬೇಕಾದ ಪ್ರಶ್ನೆಯೇ. ಆದರೆ ಅದಕ್ಕಿಂತ ಹಿಂದಿನ ಪ್ರಶ್ನೆ ಇನ್ನೊಂದಿದೆ, ಅದನ್ನು ಯಾರೂ ಅಷ್ಟಾಗಿ ಕೇಳುತ್ತಿಲ್ಲ. ಕ್ಷೇತ್ರಗಳ ನಕ್ಷೆಯನ್ನು ಒಮ್ಮೆ ಬರೆದು ಆಮೇಲೆ ಮುಟ್ಟದೆ ಬಿಟ್ಟರೆ ಏನಾಗುತ್ತದೆ?

ಇಂಗ್ಲೆಂಡಿನವರು ಇದನ್ನು ಶತಮಾನಗಟ್ಟಲೆ ಮಾಡಿ ನೋಡಿದ್ದಾರೆ. ಅದರ ಕಥೆ ವಿಲ್ಟ್‌ಶೈರ್ ಕೌಂಟಿಯ ಒಂದು ಬೋಳು ದಿಬ್ಬದ ಮೇಲಿದೆ. ಹೆಸರು ಓಲ್ಡ್ ಸೇರಂ. 1832ರವರೆಗೆ ಈ ದಿಬ್ಬ ಬ್ರಿಟಿಷ್ ಸಂಸತ್ತಿಗೆ ಇಬ್ಬರು ಸದಸ್ಯರನ್ನು ಕಳಿಸುತ್ತಿತ್ತು. ಅಲ್ಲಿ ಊರೇ ಇರಲಿಲ್ಲ. ಲಕ್ಷಕ್ಕೂ ಮೀರಿ ಜನರಿದ್ದ ಮ್ಯಾಂಚೆಸ್ಟರ್ ಪಟ್ಟಣಕ್ಕೆ ಅದೇ ಹೊತ್ತಿನಲ್ಲಿ ತನ್ನದು ಅಂತ ಒಬ್ಬ ಸದಸ್ಯನೂ ಇರಲಿಲ್ಲ.

ಇದನ್ನು ತಮಾಷೆ ಅಂತ ಓದಿ ಮುಂದೆ ಹೋಗುವವರೇ ಜಾಸ್ತಿ. ನನಗೆ ಕುತೂಹಲ ಇರುವುದು ಬೇರೆ ಕಡೆ. ಈ ಕ್ಷೇತ್ರವನ್ನು ಯಾರೂ ಮೋಸ ಮಾಡಿ ಹುಟ್ಟಿಸಲಿಲ್ಲ. ನಕ್ಷೆ ನಿಂತಲ್ಲೇ ನಿಂತಿತ್ತು, ಜನ ಹೊರಟುಹೋದರು, ಅಷ್ಟೇ. ಆಮೇಲೆ ಆ ಖಾಲಿ ಜಾಗಕ್ಕೆ ಮಾಲೀಕರು ಬಂದರು. ಮಾಲೀಕರು ಬಂದ ಮೇಲೆ ಅದನ್ನು ಸರಿಮಾಡಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು.

ಬೆಟ್ಟ ಇಳಿದ ಊರು

ಓಲ್ಡ್ ಸೇರಂ ಮೊದಲಿಗೆ ಕಬ್ಬಿಣ ಯುಗದ ಕೋಟೆ. ಸುತ್ತ ಆಳವಾದ ಕಂದಕ, ಎತ್ತರದ ಮಣ್ಣಿನ ದಿಣ್ಣೆ. 11ನೇ ಶತಮಾನದಲ್ಲಿ ನಾರ್ಮನ್ನರು ಬಂದು ನಡುವೆ ಕೋಟೆ ಕಟ್ಟಿದರು, ಪಕ್ಕದಲ್ಲಿ ದೊಡ್ಡ ಚರ್ಚು. 1092ರಲ್ಲಿ ಆ ಚರ್ಚಿನ ಪ್ರತಿಷ್ಠೆ ಆಯಿತು. ಆಗಿ ಐದು ದಿನಕ್ಕೇ ಬಿರುಗಾಳಿ ಬಂದು ಚಾವಣಿ ಹಾಳಾಯಿತು ಅನ್ನುತ್ತಾರೆ. ಅಲ್ಲಿನ ಬದುಕು ಮುಂದೆಯೂ ಹಾಗೇ ಇತ್ತು. ಗಾಳಿ ಜಾಸ್ತಿ, ನೀರು ಕಡಿಮೆ. ಮೇಲಿಂದ ಒಂದೇ ಗೋಡೆಯೊಳಗೆ ಪಾದ್ರಿಗಳು ಮತ್ತು ಕೋಟೆಯ ಸೈನಿಕರು. ಅವರಿಗೂ ಇವರಿಗೂ ಆಗುತ್ತಿರಲಿಲ್ಲ.

ಕೊನೆಗೆ ಬಿಷಪ್ ರಿಚರ್ಡ್ ಪೂರ್ ಪೋಪರ ಅಪ್ಪಣೆ ಪಡೆದು ಚರ್ಚನ್ನೇ ಕೆಳಗಿನ ಬಯಲಿಗೆ ಒಯ್ದ. 1220ರಲ್ಲಿ ಹೊಸ ಚರ್ಚಿಗೆ ಅಡಿಪಾಯ ಬಿತ್ತು. ಅದರ ಸುತ್ತ ಬೆಳೆದದ್ದೇ ಇವತ್ತಿನ ಸಾಲಿಸ್‌ಬರಿ. ಹೊಳೆ ಹತ್ತಿರ, ಸಂತೆ ಹತ್ತಿರ, ನೆಲ ಸಮ. ಜನ ಒಬ್ಬೊಬ್ಬರಾಗಿ ಬೆಟ್ಟ ಇಳಿದರು. ಹಳೆಯ ಚರ್ಚಿನ ಕಲ್ಲುಗಳೂ ಇಳಿದವು, ಹೊಸ ಊರಿನ ಗೋಡೆಗಳಿಗೆ. ಕಡೆಗೆ ಕೋಟೆಯ ಕಲ್ಲನ್ನೂ ಕಿತ್ತೊಯ್ಯಲು ಎಂಟನೇ ಹೆನ್ರಿ ಅನುಮತಿ ಕೊಟ್ಟ.

ಇಳಿಯದೆ ಮೇಲೇ ಉಳಿದದ್ದು ಒಂದೇ. ಸಂಸತ್ತಿಗೆ ಪ್ರತಿನಿಧಿ ಕಳಿಸುವ ಹಕ್ಕು. 1295ರಲ್ಲಿ ಮೊದಲ ಎಡ್ವರ್ಡ್ ಕರೆದ ಸಂಸತ್ತಿಗೆ ಓಲ್ಡ್ ಸೇರಂ ಪ್ರತಿನಿಧಿಗಳು ಹೋಗಿದ್ದರು. 14ನೇ ಶತಮಾನದ ನಡುವಿನಿಂದ ಅದು ಖಾಯಂ ಆಯಿತು. ಆಗಲೇ ಊರು ಕರಗುತ್ತಿತ್ತು. ಆದರೆ ಅಂದಿನ ಪದ್ಧತಿಯಲ್ಲಿ ಪ್ರತಿನಿಧಿತ್ವ ತಲೆ ಎಣಿಸಿ ಕೊಡುವ ವಸ್ತು ಅಲ್ಲ. ಒಂದು ಊರಿಗೆ ರಾಜ ಕೊಟ್ಟ ಹಕ್ಕು. ಊರು ಕುಗ್ಗಿತು ಅಂತ ಹಕ್ಕು ಕುಗ್ಗುವುದಿಲ್ಲ. ತೆಗೆದುಹಾಕಬೇಕಾದರೆ ಸಂಸತ್ತೇ ತೆಗೆಯಬೇಕು. ಸಂಸತ್ತಿನಲ್ಲಿ ಕೂತವರು ಇಂಥ ಊರುಗಳಿಂದಲೇ ಬಂದವರು. ಮುಂದಿನ ಗೊಂದಲವೆಲ್ಲ ಇಲ್ಲಿಂದಲೇ.

ಸೈಟು ಯಾರದೋ ವೋಟು ಅವರದು

ಜನವೇ ಇಲ್ಲದ ಕಡೆ ವೋಟು ಹಾಕುವವರು ಯಾರು? ಇಲ್ಲಿ ವೋಟಿನ ಹಕ್ಕು ಇದ್ದದ್ದು 'ಬರ್ಗೇಜ್' ಎಂಬ ಹಳೆಯ ನಿವೇಶನಗಳಿಗೆ. ನಮ್ಮ ಭಾಷೆಯಲ್ಲಿ ಸೈಟು ಅನ್ನಿ. ಒಂದು ಕಾಲಕ್ಕೆ ಮನೆಗಳಿದ್ದ ಸೈಟುಗಳು, ಈಗ ಹೊಲ. ಸೈಟು ಯಾರ ಹೆಸರಿನಲ್ಲಿದೆಯೋ ಅವರು ಮತದಾರರು. 1831ರಲ್ಲಿ ಇಂಥ ಮತದಾರರು 11 ಮಂದಿ. ಅವರಲ್ಲಿ ಒಬ್ಬರೂ ಅಲ್ಲಿ ವಾಸ ಇರಲಿಲ್ಲ.

ಹಾಗಾಗಿ ಸೈಟುಗಳನ್ನೆಲ್ಲ ಒಬ್ಬನೇ ಕೊಂಡರೆ ಎರಡು ಸಂಸತ್ ಸ್ಥಾನ ಅವನದು. ಇಂಥ ಬರ್ಗೇಜ್ ಕ್ಷೇತ್ರಗಳಲ್ಲಿ ಚುನಾವಣೆ ನಡೆಯುತ್ತಿದ್ದ ರೀತಿ ನೋಡಿ. ಮತದಾನಕ್ಕೆ ಸ್ವಲ್ಪ ಮುಂಚೆ ಮಾಲೀಕನ ವಕೀಲ ಪತ್ರಗಳ ಕಟ್ಟು ಹಿಡಿದು ಬರುತ್ತಾನೆ. ನಂಬಿಕಸ್ಥ ನೆಂಟ, ಗುಮಾಸ್ತ, ಗೇಣಿದಾರ ಎಲ್ಲರಿಗೂ ಒಂದೊಂದು ಸೈಟಿನ ಪತ್ರ ಬರೆದುಕೊಡುತ್ತಾನೆ. ಅವರು ಆ ಹೊತ್ತಿಗೆ ಭೂಮಾಲೀಕರು. ಧಣಿ ಹೇಳಿದ ಹೆಸರಿಗೆ ವೋಟು ಹಾಕುತ್ತಾರೆ. ಮುಗಿದ ಮೇಲೆ ಪತ್ರ ವಾಪಸ್. ಎಲ್ಲವೂ ಕಾನೂನುಬದ್ಧ.

ಓಲ್ಡ್ ಸೇರಂನಲ್ಲಿ ಇದಕ್ಕೆ ಕಟ್ಟಡವೂ ಇರಲಿಲ್ಲ. ದಿಬ್ಬದ ಕೆಳಗೆ ಹೊಲದಲ್ಲಿ ಒಂದು ಎಲ್ಮ್ ಮರ. ಚುನಾವಣೆ ಅದರ ಕೆಳಗೆ. ಅದಕ್ಕೆ 'ಪಾರ್ಲಿಮೆಂಟ್ ಮರ' ಅಂತಲೇ ಹೆಸರು ಬಿತ್ತು. ಎದುರಾಳಿ ಇಲ್ಲದ ಚುನಾವಣೆ ಎಷ್ಟು ಹೊತ್ತು ನಡೆದೀತು ಹೇಳಿ.

ಮದ್ರಾಸಿನ ದುಡ್ಡು, ಮೈಸೂರಿನ ಯುದ್ಧ

ನಮಗೂ ಈ ದಿಬ್ಬಕ್ಕೂ ಏನು ಸಂಬಂಧ ಅಂದುಕೊಂಡಿದ್ದರೆ, ಇದೆ. ಬಹಳ ಇದೆ.

1691ರಲ್ಲಿ ಓಲ್ಡ್ ಸೇರಂ ಜಮೀನನ್ನು ಕೊಂಡವನು ಥಾಮಸ್ ಪಿಟ್. ಈಸ್ಟ್ ಇಂಡಿಯಾ ಕಂಪನಿಯ ಕಣ್ಣು ತಪ್ಪಿಸಿ ಭಾರತದಲ್ಲಿ ಸ್ವಂತ ವ್ಯಾಪಾರ ಮಾಡಿ ದುಡ್ಡು ಮಾಡಿದ ಆಸಾಮಿ. ಅವನನ್ನು ಹಿಡಿದು ನಿಲ್ಲಿಸಲಾಗದ ಕಂಪನಿ ಕಡೆಗೆ ಅವನನ್ನೇ ಮದ್ರಾಸಿನ ಗವರ್ನರ್ ಮಾಡಿತು. 1698ರಿಂದ 1709ರವರೆಗೆ ಸೇಂಟ್ ಜಾರ್ಜ್ ಕೋಟೆಯಲ್ಲಿ ಅವನ ದರ್ಬಾರು. ಅಲ್ಲಿದ್ದಾಗಲೇ ಜಮಚಂದ್ ಎಂಬ ವ್ಯಾಪಾರಿಯಿಂದ 48,000 ವರಹಕ್ಕೆ ಒಂದು ವಜ್ರ ಕೊಂಡ. ಕಚ್ಚಾ ಕಲ್ಲು 400 ಕ್ಯಾರೆಟ್‌ಗೂ ಮೀರಿದ್ದು. ಗೋಲ್ಕೊಂಡ ಸೀಮೆಯ ಕೊಲ್ಲೂರು ಗಣಿಯದು ಅನ್ನುತ್ತಾರೆ (ಮೂಕಾಂಬಿಕೆಯ ಕೊಲ್ಲೂರಲ್ಲ, ಆಂಧ್ರದಲ್ಲಿ ಕೃಷ್ಣಾ ದಡದ ಕೊಲ್ಲೂರು). 1717ರಲ್ಲಿ ಫ್ರಾನ್ಸಿನ ರಾಜಪ್ರತಿನಿಧಿ ಓರ್ಲಿಯನ್ಸಿನ ಡ್ಯೂಕ್ ಅದನ್ನು 1,35,000 ಪೌಂಡಿಗೆ ತೆಗೆದುಕೊಂಡ. ಇವತ್ತು ಅದು ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದ ಸಂಗ್ರಹಕ್ಕೆ ಸೇರಿದ್ದು. ಇಂಗ್ಲೆಂಡಿನಲ್ಲಿ ಅವನಿಗೆ 'ಡೈಮಂಡ್ ಪಿಟ್' ಅಂತಲೇ ಹೆಸರು.

ವಜ್ರ ಮಾರಿದ, ದಿಬ್ಬ ಮಾರಲಿಲ್ಲ. ಅದು ಮನೆತನದ ಆಸ್ತಿಯಾಗಿ ಉಳಿಯಿತು. ಅವನ ಮೊಮ್ಮಗ ವಿಲಿಯಂ ಪಿಟ್ 1735ರಲ್ಲಿ ಸಂಸತ್ತಿಗೆ ಮೊದಲು ಕಾಲಿಟ್ಟದ್ದು ಇದೇ ಸೀಟಿನಿಂದ. ಮುಂದೆ ಪ್ರಧಾನಿಯಾದ. ಇಂಥ ಕ್ಷೇತ್ರಗಳು ಸಂವಿಧಾನದ ಕೊಳೆತ ಭಾಗ, ತಾನಾಗಿ ಉದುರದಿದ್ದರೆ ಕತ್ತರಿಸಬೇಕಾಗುತ್ತದೆ ಅಂತ 1766ರಲ್ಲಿ ಸಂಸತ್ತಿನಲ್ಲಿ ಹೇಳಿದವನೂ ಅವನೇ. ಅಜ್ಜ ಕೊಂಡ ಮೆಟ್ಟಿಲು ಹತ್ತಿ ಮೇಲೆ ಹೋದ ಮೇಲೆ.

ಇನ್ನೊಂದು ಹೆಸರು ನಮಗೆ ಇನ್ನೂ ಹತ್ತಿರದ್ದು. 1796ರ ಚುನಾವಣೆಯಲ್ಲಿ ಓಲ್ಡ್ ಸೇರಂನಿಂದ ಆಯ್ಕೆಯಾದವನು ಮಾರ್ನಿಂಗ್ಟನ್ ಅರ್ಲ್, ಅಂದರೆ ರಿಚರ್ಡ್ ವೆಲ್ಲೆಸ್ಲಿ. ಮರುವರ್ಷವೇ ಸೀಟು ಬಿಟ್ಟು ಭಾರತದ ಗವರ್ನರ್ ಜನರಲ್ ಹುದ್ದೆಗೆ ಹೊರಟ. 1798ರಲ್ಲಿ ಕಲ್ಕತ್ತಾ ತಲುಪಿದ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿತ್ತು, ಟಿಪ್ಪು ಸುಲ್ತಾನ್ ಸತ್ತ. ಮೈಸೂರನ್ನು ಹಂಚಿ, ಒಡೆಯರ ಮನೆಯ ಮಗುವನ್ನು ಪಟ್ಟಕ್ಕೆ ಕೂರಿಸಿ, ಸಹಾಯಕ ಸೈನ್ಯದ ಒಪ್ಪಂದ ಹೇರಿದ ಸರ್ಕಾರ ಇವನದೇ. ಬ್ರಿಟಿಷ್ ಸಂಸತ್ತಿನಲ್ಲಿ ಇವನ ಕೊನೆಯ ಚುನಾಯಿತ ಸ್ಥಾನ, ಮನೆ ಮಠ ಇಲ್ಲದ ಆ ದಿಬ್ಬ. ಮೈಸೂರಿನ ಹಣೆಬರಹ ಬರೆದ ವ್ಯವಸ್ಥೆ ಸ್ವಂತ ಮನೆಯಲ್ಲಿ ಹೀಗಿತ್ತು.

ಭಾರತದ ದುಡ್ಡು ಇಂಥ ಸೀಟುಗಳಿಗೆ ಹರಿದದ್ದು ಇದೊಂದೇ ಅಲ್ಲ. ಮದ್ರಾಸಿನಲ್ಲಿ ಆರ್ಕಾಟ್ ನವಾಬನಿಗೆ ಬಡ್ಡಿ ಸಾಲ ಕೊಟ್ಟು ಬೆಳೆದ ಪಾಲ್ ಬೆನ್‌ಫೀಲ್ಡ್ ಒಬ್ಬನಿದ್ದ. ತನ್ನನ್ನೂ ಸೇರಿಸಿ ಎಂಟು ಮಂದಿಯನ್ನು ಅವನು ಸಂಸತ್ತಿಗೆ ತಂದಿದ್ದಾನೆ ಅಂತ ಎಡ್ಮಂಡ್ ಬರ್ಕ್ 1785ರಲ್ಲಿ ಸದನದಲ್ಲೇ ಆರೋಪಿಸಿದ. ನವಾಬನ ಸಾಲದ ಬಗ್ಗೆ ಮಾಡಿದ ಅದೇ ಭಾಷಣದಲ್ಲಿ ಹೈದರ್ ಅಲಿ ಅದೇ ನವಾಬನ ಕರ್ನಾಟಿಕ್ ಸೀಮೆಯ ಮೇಲೆ ಬಿದ್ದ ವರ್ಣನೆಯೂ ಬರುತ್ತದೆ. ರೈತನ ಕಂದಾಯ ನವಾಬನ ಬಡ್ಡಿಯಾಗಿ, ಬಡ್ಡಿ ಇಂಗ್ಲೆಂಡಿನಲ್ಲಿ ಸೀಟಾಗಿ, ಆ ಸೀಟು ಮತ್ತೆ ಸಾಲ ಕೊಟ್ಟವರ ಪರ ವೋಟಾಗಿ ತಿರುಗುತ್ತಿತ್ತು. ನಕ್ಷೆ ಸರಿಯಿದ್ದಿದ್ದರೆ ಇದು ನಡೆಯುತ್ತಲೇ ಇರಲಿಲ್ಲ ಅನ್ನಲಾರೆ. ಇಷ್ಟು ಸಲೀಸಾಗಿ ನಡೆಯುತ್ತಿರಲಿಲ್ಲ.

1802ರಲ್ಲಿ ಪಿಟ್ ಮನೆತನ ದಿಬ್ಬವನ್ನು ಕ್ಯಾಲಿಡನ್ ಅರ್ಲ್‌ಗೆ ಮಾರಿತು. ಬೆಲೆ 60,000 ಪೌಂಡ್. ಜಮೀನಿನಿಂದ ವರ್ಷಕ್ಕೆ ಬರುತ್ತಿದ್ದ ಹುಟ್ಟುವಳಿ ಹೆಚ್ಚೆಂದರೆ 700 ಪೌಂಡ್. ಮಿಕ್ಕ ಬೆಲೆಯೆಲ್ಲ ಆ ಎರಡು ಸೀಟಿನದು. ಈ ಅರ್ಲ್‌ನ ಅಪ್ಪ ಆಸ್ತಿ ಮಾಡಿದ್ದೂ ಈಸ್ಟ್ ಇಂಡಿಯಾ ಕಂಪನಿಯ ನೌಕರಿಯಲ್ಲೇ.

ಸಮರ್ಥನೆಗೆ ಬರ ಇರಲಿಲ್ಲ

ಇಷ್ಟು ಬಹಿರಂಗವಾಗಿ ಹಾಸ್ಯಾಸ್ಪದವಾದದ್ದು ಅಷ್ಟು ದಿನ ಹೇಗೆ ಉಳಿಯಿತು? ಕಳ್ಳರು ಕಾಪಾಡಿದರು ಅಂದುಬಿಟ್ಟರೆ ಸುಲಭ. ನಿಜವಾಗಿ ಕಾಪಾಡಿದ್ದು ಮರ್ಯಾದಸ್ಥರ ವಾದಗಳು.

ಮೊದಲನೇ ವಾದ: ಸದಸ್ಯ ಪ್ರತಿನಿಧಿಸುವುದು ತನ್ನ ಕ್ಷೇತ್ರವನ್ನಲ್ಲ, ಇಡೀ ದೇಶವನ್ನು. ಹಾಗಾಗಿ ಮ್ಯಾಂಚೆಸ್ಟರಿಗೆ ಸ್ವಂತ ಸದಸ್ಯ ಇಲ್ಲದಿದ್ದರೂ ಬಟ್ಟೆ ವ್ಯಾಪಾರ ಗೊತ್ತಿರುವ ಬೇರೆ ಸದಸ್ಯರು ಅದರ ಪರ ಮಾತಾಡುತ್ತಾರೆ. ಅಮೆರಿಕದ ವಸಾಹತುಗಳಿಗೂ ಇದನ್ನೇ ಹೇಳಿದ್ದರು. ಅವರು ಕೇಳಲಿಲ್ಲ, ಬೇರೆಯೇ ಆದರು. ಎರಡನೇ ವಾದ ಇನ್ನೂ ಜಾಣತನದ್ದು. ಜನರ ಮುಂದೆ ಗೆಲ್ಲಲಾಗದ ಬುದ್ಧಿವಂತರು ಬರಲು ಇವೇ ಬಾಗಿಲು, ಪಿಟ್‌ನಂಥವರು ಹೀಗೇ ಬಂದರಲ್ವಾ ಅನ್ನುವುದು. ಇದರಲ್ಲಿ ಸ್ವಲ್ಪ ನಿಜವೂ ಇದೆ. 1801ರಲ್ಲಿ ಈ ಸೀಟಿನಿಂದ ಬಂದವನು ಜಾನ್ ಹಾರ್ನ್ ಟುಕ್. ಚುನಾವಣಾ ಸುಧಾರಣೆಗಾಗಿ ಹೋರಾಡಿ, 1794ರಲ್ಲಿ ರಾಜದ್ರೋಹದ ವಿಚಾರಣೆ ಎದುರಿಸಿ ಖುಲಾಸೆಯಾದವನು. ಕೊಳೆತ ಕ್ಷೇತ್ರಗಳ ಕಡುವೈರಿ, ಅತ್ಯಂತ ಕೊಳೆತ ಕ್ಷೇತ್ರದ ಸದಸ್ಯ! ಅವನನ್ನು ಹೊರಹಾಕಲು ಸರ್ಕಾರ ಕ್ಷೇತ್ರದ ತಂಟೆಗೆ ಹೋಗಲಿಲ್ಲ. ಅವನು ಒಂದು ಕಾಲಕ್ಕೆ ಪಾದ್ರಿಯಾಗಿದ್ದ ಅನ್ನುವುದನ್ನು ಹಿಡಿದು, ಪಾದ್ರಿಗಳು ಸದನದಲ್ಲಿ ಕೂರುವಂತಿಲ್ಲ ಅಂತ ಹೊಸ ಕಾನೂನು ಮಾಡಿತು. ದಿಬ್ಬ ಹಾಗೇ ಉಳಿಯಿತು.

ಮೂರನೇ ವಾದವೇ ಎಲ್ಲಕ್ಕಿಂತ ಗಟ್ಟಿ. ಇದು ಆಸ್ತಿ. ದುಡ್ಡು ಕೊಟ್ಟು ಕೊಂಡದ್ದು. ಕಿತ್ತುಕೊಂಡರೆ ಪರಿಹಾರ ಯಾರು ಕೊಡುತ್ತಾರೆ? 1785ರಲ್ಲಿ ಕಿರಿಯ ಪಿಟ್, ಅಂದರೆ ಆ ವಿಲಿಯಂ ಪಿಟ್‌ನ ಮಗ, ಪ್ರಧಾನಿಯಾಗಿದ್ದಾಗ ಈ ವಾದವನ್ನು ಒಪ್ಪಿಕೊಂಡೇ ಮಸೂದೆ ತಂದ. 36 ಕ್ಷೇತ್ರಗಳನ್ನು ಮಾಲೀಕರ ಒಪ್ಪಿಗೆಯಿಂದ ರದ್ದು ಮಾಡುವುದು, ಅದಕ್ಕೆ ಹತ್ತು ಲಕ್ಷ ಪೌಂಡಿನ ನಿಧಿ ಇಡುವುದು. 174ಕ್ಕೆ ಎದುರಾಗಿ 248 ಮತಗಳಿಂದ ಅದೂ ಬಿತ್ತು. ಐರ್ಲೆಂಡನ್ನು ವಿಲೀನ ಮಾಡಿಕೊಂಡಾಗ ಮಾತ್ರ ಕ್ಷೇತ್ರ ಕಳೆದುಕೊಂಡ ಅಲ್ಲಿನ ಧಣಿಗಳಿಗೆ ಕ್ಷೇತ್ರಕ್ಕೆ 15,000 ಪೌಂಡ್ ಎಣಿಸಿ ಕೊಟ್ಟರು.

ನಕ್ಷೆಯನ್ನು ಬಹುಕಾಲ ಮುಟ್ಟದೆ ಬಿಟ್ಟರೆ ಬರುವ ತೊಂದರೆ ಇದೇ. ಅಂಕಿ ಅಸಮ ಆಗುವುದು ಒಂದು ಪಾಲು ಮಾತ್ರ. ಆ ಅಸಮತೆಯ ಮೇಲೆ ಯಾರೋ ಮನೆ ಕಟ್ಟಿಕೊಳ್ಳುತ್ತಾರೆ. ಆಮೇಲೆ ಅದು ಅವರ ಹಕ್ಕಾಗುತ್ತದೆ. ಅವರ ಕೈಯಲ್ಲೇ ವೋಟೂ ಇರುತ್ತದೆ.

ಒಂದು ಮತದ ಅಂತರ

1819ರಲ್ಲಿ ಮ್ಯಾಂಚೆಸ್ಟರಿನ ಸೇಂಟ್ ಪೀಟರ್ ಮೈದಾನದಲ್ಲಿ ಪ್ರತಿನಿಧಿತ್ವ ಕೇಳಲು ಸುಮಾರು 60,000 ಜನ ಸೇರಿದ್ದರು. ಕುದುರೆ ಸವಾರರು ಕತ್ತಿ ಬೀಸಿ ನುಗ್ಗಿದರು, ಹದಿನೈದಕ್ಕೂ ಹೆಚ್ಚು ಮಂದಿ ಸತ್ತರು. ಆಮೇಲೂ ಹತ್ತು ವರ್ಷ ಏನೂ ಆಗಲಿಲ್ಲ. 1830ರ ನವೆಂಬರಿನಲ್ಲಿ ಪ್ರಧಾನಿ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಎದ್ದು ನಿಂತು, ಈಗಿರುವ ವ್ಯವಸ್ಥೆಗಿಂತ ಚೆನ್ನಾಗಿರುವುದನ್ನು ಕಲ್ಪಿಸಲೂ ಆಗದು ಅನ್ನುವ ಧಾಟಿಯಲ್ಲಿ ಮಾತಾಡಿದ. ಎರಡು ವಾರದೊಳಗೆ ಅವನ ಸರ್ಕಾರ ಹೋಯಿತು.

ಈ ವೆಲ್ಲಿಂಗ್ಟನ್ ಬೇರೆ ಯಾರೂ ಅಲ್ಲ, ಆರ್ಥರ್ ವೆಲ್ಲೆಸ್ಲಿ. ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದವನು, ಕೋಟೆ ಬಿದ್ದ ಮೇಲೆ ಅಲ್ಲಿನ ಆಡಳಿತ ನೋಡಿಕೊಂಡವನು, ರಿಚರ್ಡ್‌ನ ತಮ್ಮ. ಅವನ ನಂತರ ಬಂದ, ಸುಧಾರಣೆ ತರಲು ಹೊರಟ ಪ್ರಧಾನಿ ಲಾರ್ಡ್ ಗ್ರೇ ಅವರ ಸರ್ಕಾರದಲ್ಲಿ ಅಣ್ಣ ರಿಚರ್ಡ್ ಅರಮನೆಯ ಒಂದು ದೊಡ್ಡ ಹುದ್ದೆಯಲ್ಲಿದ್ದ. ಓಲ್ಡ್ ಸೇರಂನಿಂದ ಗೆದ್ದಿದ್ದ ಅಣ್ಣ ಅದನ್ನು ಮುಚ್ಚುವವರ ಕಡೆ, ತಮ್ಮ ಉಳಿಸುವವರ ಕಡೆ.

1831ರ ಮಾರ್ಚ್ 1ರಂದು ಲಾರ್ಡ್ ಜಾನ್ ರಸೆಲ್ ಆ ಸರ್ಕಾರದ ಸುಧಾರಣಾ ಮಸೂದೆ ಮಂಡಿಸಿದ. ದೂರದೇಶದಿಂದ ಬಂದ ಒಬ್ಬನಿಗೆ ಹಸಿರು ದಿಬ್ಬ ತೋರಿಸಿ, ಇದು ಸಂಸತ್ತಿಗೆ ಇಬ್ಬರನ್ನು ಕಳಿಸುತ್ತದೆ ಅಂದರೆ ಅವನಿಗೆ ಹೇಗನ್ನಿಸಬಹುದು ಅಂತ ಸದನಕ್ಕೆ ಕೇಳಿದ. ಹೆಸರು ಹೇಳಬೇಕಾಗಿರಲಿಲ್ಲ. ಆ ತಿಂಗಳು ಎರಡನೇ ವಾಚನದಲ್ಲಿ ಮಸೂದೆ ಗೆದ್ದದ್ದು 302ಕ್ಕೆ 301, ಒಂದೇ ಮತದಿಂದ. ಆಮೇಲೆ ಹೊಸ ಚುನಾವಣೆ. ಅಕ್ಟೋಬರಿನಲ್ಲಿ ಮೇಲ್ಮನೆ ಮಸೂದೆ ತಿರಸ್ಕರಿಸಿತು. ಬ್ರಿಸ್ಟಲ್, ನಾಟಿಂಗ್‌ಹ್ಯಾಂ, ಡರ್ಬಿಯಲ್ಲಿ ದೊಂಬಿ, ಬೆಂಕಿ. ಲಂಡನ್ನಿನಲ್ಲಿ ವೆಲ್ಲಿಂಗ್ಟನ್ ಮನೆಯ ಕಿಟಕಿ ಗಾಜು ಪುಡಿ. ಮೇಲ್ಮನೆಗೆ ಹೊಸ ಸದಸ್ಯರನ್ನು ತುಂಬಲು ರಾಜ ಒಪ್ಪುತ್ತಾನೆ ಅನ್ನುವುದು ಖಚಿತವಾದ ಮೇಲೆಯೇ ವಿರೋಧಿಗಳು ದಾರಿಬಿಟ್ಟದ್ದು. 1832ರ ಜೂನ್ 7ರಂದು ಕಾನೂನಾಯಿತು. 56 ಕ್ಷೇತ್ರಗಳು ಸಂಪೂರ್ಣ ರದ್ದು. ಓಲ್ಡ್ ಸೇರಂ ಅವುಗಳಲ್ಲಿ ಒಂದು. ಪರಿಹಾರ ಒಂದು ಪೆನ್ನಿಯೂ ಇಲ್ಲ.

ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಂ, ಲೀಡ್ಸ್, ಶೆಫೀಲ್ಡ್‌ಗಳಿಗೆ ಸೀಟು ಬಂತು. ಹಾಗಂತ ಒಬ್ಬರಿಗೆ ಒಂದೇ ಬೆಲೆಯ ವೋಟು ಬಂತು ಅಂದುಕೊಳ್ಳಬೇಡಿ. ಹೆಂಗಸರಿಗೆ ಮತವಿಲ್ಲ ಅಂತ ಮೊದಲ ಬಾರಿಗೆ ಬರಹದಲ್ಲಿ ಹಾಕಿದ್ದೇ ಈ ಕಾನೂನು. ಕೂಲಿಕಾರರೂ ಹೊರಗೇ ಉಳಿದರು. ಕ್ಷೇತ್ರಗಳನ್ನು ಹೆಚ್ಚುಕಮ್ಮಿ ಸಮ ಮಾಡುವ ಕೆಲಸ ಶುರುವಾಗಿದ್ದು 1885ರಲ್ಲಿ, ಆ ಕೆಲಸಕ್ಕೇ ಅಂತ ಶಾಶ್ವತ ಆಯೋಗಗಳು ಬಂದದ್ದು 1944ರ ಕಾನೂನಿನಿಂದ.

ಈಗಿನ ನಮ್ಮ ಲೆಕ್ಕ

ನಮ್ಮಲ್ಲಿ ನಕ್ಷೆ ನಿಂತದ್ದು ಮರೆವಿನಿಂದಲ್ಲ, ಬೇಕೆಂದೇ. ಕುಟುಂಬ ಯೋಜನೆ ಚೆನ್ನಾಗಿ ಮಾಡಿದ ರಾಜ್ಯಕ್ಕೆ ಸೀಟು ಕಳೆದುಕೊಳ್ಳುವ ಶಿಕ್ಷೆ ಬೇಡ ಅಂತ 1976ರ 42ನೇ ತಿದ್ದುಪಡಿ ರಾಜ್ಯವಾರು ಸೀಟುಗಳನ್ನು 1971ರ ಜನಗಣತಿಗೆ ಕಟ್ಟಿಹಾಕಿತು. 2001ರಲ್ಲಿ ಬಿಚ್ಚಬೇಕಿತ್ತು. 84ನೇ ತಿದ್ದುಪಡಿ ಅದನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದೂಡಿತು. 2008ರಲ್ಲಿ ಆದದ್ದು ರಾಜ್ಯದೊಳಗಿನ ಗಡಿ ಬದಲಾವಣೆ ಮಾತ್ರ. ಕನಕಪುರ ಲೋಕಸಭಾ ಕ್ಷೇತ್ರ ಹೋಗಿ ಬೆಂಗಳೂರು ಗ್ರಾಮಾಂತರ ಬಂದದ್ದು ಆಗಲೇ. ಮುಂದಿನ ಜನಗಣತಿಗೆ ಸರ್ಕಾರ ಗೊತ್ತುಮಾಡಿರುವ ದಿನ 2027ರ ಮಾರ್ಚ್ 1.

ಅದಕ್ಕೇ ಈ ಗಲಾಟೆ. ದಕ್ಷಿಣದ ರಾಜ್ಯಗಳಿಗೆ ಒಂದು ಸೀಟೂ ಕಡಿಮೆಯಾಗದು ಅಂತ ಗೃಹ ಸಚಿವ ಅಮಿತ್ ಶಾ 2025ರ ಫೆಬ್ರವರಿಯಲ್ಲಿ ಕೊಯಮತ್ತೂರಿನಲ್ಲಿ ಹೇಳಿದರು. ಕರ್ನಾಟಕದ ಮುಖ್ಯಮಂತ್ರಿಯಾಗಿ ಸಿದ್ದರಾಮಯ್ಯ ಅದನ್ನು ನಂಬಲಾಗದು ಎಂದರು. ಪುನರ್ವಿಂಗಡಣೆ ವಿಚಾರವಾಗಿ ತಮಿಳುನಾಡು ಕರೆದಿದ್ದ ಮಾರ್ಚ್ 22ರ ಚೆನ್ನೈ ಸಭೆಗೆ ಡಿ.ಕೆ. ಶಿವಕುಮಾರ್ ಹೋಗಿಬಂದರು.

ಈಗಿರುವ 543 ಸ್ಥಾನಗಳನ್ನು 2011ರ ಜನಸಂಖ್ಯೆಗೆ ಸುಮ್ನೆ ಭಾಗಿಸಿ ನೋಡಿದರೆ ಉತ್ತರ ಪ್ರದೇಶ 80ರಿಂದ 90ರ ಹತ್ತಿರ ಹೋಗುತ್ತದೆ. ಕೇರಳ 20ರಿಂದ 15ಕ್ಕೆ, ತಮಿಳುನಾಡು 39ರಿಂದ 32ಕ್ಕೆ ಇಳಿಯುತ್ತವೆ. ಕರ್ನಾಟಕ 27ರ ಆಸುಪಾಸು ಬರುತ್ತದೆ. ಅಂದರೆ ನಮಗೆ ತಗಲುವ ಪೆಟ್ಟು ನೆರೆಯವರಷ್ಟಲ್ಲ. ಇದು 2011ರ ಲೆಕ್ಕ, ಹೊಸ ಗಣತಿಯಲ್ಲಿ ಇನ್ನೂ ಬದಲಾದೀತು. ಯಾರ ಸೀಟೂ ಇಳಿಸದೆ ಒಟ್ಟು ಸಂಖ್ಯೆ ಏರಿಸಿದರೂ ಹಂಚಿಕೆ ಜನಸಂಖ್ಯೆಗೇ ಆದರೆ ಪಾಲು ಇಳಿಯುವುದು ತಪ್ಪುವುದಿಲ್ಲ. ಹೊಸ ಸಂಸತ್ ಭವನದ ಲೋಕಸಭೆಯಲ್ಲಿ 888 ಕುರ್ಚಿಗೆ ಜಾಗವಿದೆ. ಸದನದಲ್ಲಿ ತೂಕ ಬರುವುದು ಪಾಲಿನಿಂದ.

ಉತ್ತರದ ಕೆಲವರು ಈ ಚರ್ಚೆಯಲ್ಲಿ ಓಲ್ಡ್ ಸೇರಂ ಹೆಸರು ಎತ್ತಬಹುದು. ಕೇರಳದ ಸಂಸದ ಸುಮಾರು 17 ಲಕ್ಷ ಜನರಿಗೆ ಒಬ್ಬ, ಉತ್ತರ ಪ್ರದೇಶದವನು 25 ಲಕ್ಷಕ್ಕೆ ಒಬ್ಬ, ಇದೂ ಕೊಳೆತ ಕ್ಷೇತ್ರವೇ ಅಲ್ವಾ ಅಂತ. ಅಲ್ಲ. ಅಲ್ಲಿ 11 ವೋಟು ಒಬ್ಬನ ಜೇಬಿನಲ್ಲಿತ್ತು. ಇಲ್ಲಿರುವುದು ರಾಜ್ಯಗಳ ನಡುವೆ ಎಲ್ಲರೆದುರು ಆದ ಒಪ್ಪಂದ. ಆದರೆ ದಕ್ಷಿಣದವರು ಅಷ್ಟಕ್ಕೇ ನೆಮ್ಮದಿಯಾಗಿ ಕೂರುವಂತೆಯೂ ಇಲ್ಲ. 25 ವರ್ಷದ ತಾತ್ಕಾಲಿಕ ಏರ್ಪಾಟು 50 ವರ್ಷವಾಗಿದೆ. ಇನ್ನೂ 25 ವರ್ಷ ಕೊಡಿ ಅಂತ ಕೇಳುವವರು ಆ ಹೊತ್ತಿಗೆ ಏನು ಸರಿಹೋಗುತ್ತದೆ ಅಂತಲೂ ಹೇಳಬೇಕು. ಆ ಮಾತು ಯಾರ ಬಾಯಲ್ಲೂ ಬರುತ್ತಿಲ್ಲ.

ನಮಗೆ ಉಪಯೋಗಕ್ಕೆ ಬರುವ ಬ್ರಿಟನ್ ಪಾಠ 1832ರದ್ದಲ್ಲ, 2024ರದ್ದು ಅಂತ ನನ್ನ ಅನಿಸಿಕೆ. ಅಲ್ಲಿ ವೇಲ್ಸ್, ಸ್ಕಾಟ್‌ಲೆಂಡ್‌ಗಳಿಗೆ ಬಹಳ ಕಾಲ ಜನಸಂಖ್ಯೆಗಿಂತ ಜಾಸ್ತಿ ಸೀಟು ಇತ್ತು. ಸ್ಕಾಟ್‌ಲೆಂಡಿಗೆ ಸ್ವಂತ ಸಂಸತ್ತು ಬಂದ ಮೇಲೆ 2005ರಲ್ಲಿ ಅದರ ಸ್ಥಾನ 72ರಿಂದ 59ಕ್ಕೆ ಇಳಿಯಿತು. 2024ರ ಚುನಾವಣೆಗೆ ಇಡೀ ದೇಶದ ನಕ್ಷೆ ಬದಲಾಯಿತು. ಒಂದು ಕ್ಷೇತ್ರಕ್ಕೆ 73,393 ಮತದಾರರ ಸರಾಸರಿ, ಹೆಚ್ಚುಕಮ್ಮಿ ಶೇ. 5ರೊಳಗೆ. ವಿನಾಯಿತಿ ಸಿಕ್ಕಿದ್ದು ದ್ವೀಪಗಳ ಐದು ಕ್ಷೇತ್ರಗಳಿಗೆ ಮಾತ್ರ. ವೇಲ್ಸ್ ಒಂದೇ ಏಟಿಗೆ 40ರಿಂದ 32ಕ್ಕೆ ಇಳಿಯಿತು. ಐದನೇ ಒಂದು ಪಾಲು ಹೋಯಿತು! ಬೇಸರ ಇತ್ತು, ಆಕ್ಷೇಪ ಇತ್ತು, ಬೆಂಕಿ ಬೀಳಲಿಲ್ಲ. ಅಷ್ಟು ಹೊತ್ತಿಗೆ ಆಸ್ಪತ್ರೆ, ಶಾಲೆ, ಭಾಷೆಯಂಥ ವಿಷಯಗಳನ್ನು ವೇಲ್ಸ್ ತನ್ನದೇ ಶಾಸನಸಭೆಯಲ್ಲಿ ತೀರ್ಮಾನಿಸುತ್ತಿತ್ತು. ಆ ಸಭೆಯ ಬಲವನ್ನು 60ರಿಂದ 96ಕ್ಕೆ ಏರಿಸುವ ಕಾನೂನೂ ಅದೇ ವರ್ಷ ಆಯಿತು. ದೂರದ ಸದನದಲ್ಲಿ ಕಳೆದದ್ದಕ್ಕೆ ಮನೆಯಲ್ಲಿ ಕೈಗೆ ಬಂದದ್ದು ಕಾಣುತ್ತಿತ್ತು.

ಕರ್ನಾಟಕದ ಚೌಕಾಶಿಯಲ್ಲಿ ಈ ಎರಡನೇ ಭಾಗ ಇನ್ನೂ ಮುಂದೆ ಬಂದಿಲ್ಲ. ತೆರಿಗೆ ಪಾಲಿನ ಮಾತು ಒಂದು ವೇದಿಕೆಯಲ್ಲಿ, ಸೀಟಿನ ಮಾತು ಇನ್ನೊಂದರಲ್ಲಿ. 27 ಸೀಟು ಒಪ್ಪಿದರೆ ಅದಕ್ಕೆ ಬದಲಾಗಿ ಯಾವ ಅಧಿಕಾರ ರಾಜ್ಯಕ್ಕೆ ಬರಬೇಕು ಅಂತ ಒಂದು ಪಟ್ಟಿ ಬೇಕಲ್ಲವೇ? ರಾಜ್ಯಸಭೆಯ ಸ್ಥಾನಗಳೂ ಜನಸಂಖ್ಯೆಯ ಲೆಕ್ಕ ಹಿಡಿದೇ ಹಂಚಿಕೆಯಾಗಿರುವುದರಿಂದ ಅಲ್ಲಿ ಸರಿದೂಗಿಸಿಕೊಳ್ಳುವ ದಾರಿಯೂ ಈಗಿಲ್ಲ.

ಇನ್ನೊಂದು ಅಸಮತೆ ನಮ್ಮ ಮನೆಯೊಳಗೇ ಇದೆ. ಅದಕ್ಕೆ ದಿಲ್ಲಿಯನ್ನು ದೂರುವಂತಿಲ್ಲ. 2024ರ ಮತದಾರರ ಪಟ್ಟಿಯಂತೆ ಬೆಂಗಳೂರು ಉತ್ತರ ಲೋಕಸಭಾ ಕ್ಷೇತ್ರದಲ್ಲಿ 31 ಲಕ್ಷಕ್ಕೂ ಜಾಸ್ತಿ ಮತದಾರರು, ಉಡುಪಿ-ಚಿಕ್ಕಮಗಳೂರಿನಲ್ಲಿ 16 ಲಕ್ಷದೊಳಗೆ. ವಿಧಾನಸಭೆಯಲ್ಲಿ ಅಂತರ ಇನ್ನೂ ದೊಡ್ಡದು. ಬೆಂಗಳೂರು ದಕ್ಷಿಣ ಕ್ಷೇತ್ರ 7 ಲಕ್ಷ ದಾಟಿದೆ, ಶೃಂಗೇರಿ 1.7 ಲಕ್ಷದ ಆಸುಪಾಸಿನಲ್ಲಿದೆ. ಒಬ್ಬ ಶೃಂಗೇರಿ ಮತದಾರನ ತೂಕ ನಾಲ್ಕು ಬೆಂಗಳೂರಿಗರಷ್ಟು. ಕಾಡು, ಘಟ್ಟ, ಚದುರಿದ ಮನೆಗಳ ಮಲೆನಾಡಿಗೆ ಸ್ವಲ್ಪ ರಿಯಾಯಿತಿ ಬೇಕು, ಬ್ರಿಟನ್ನಿನವರು ದ್ವೀಪಗಳಿಗೆ ಕೊಟ್ಟ ಹಾಗೆ. ನಾಲ್ಕು ಪಟ್ಟು ಬೇಕೇ ಅನ್ನುವುದನ್ನು ಕೂತು ಮಾತಾಡಬೇಕು.

ಇದನ್ನು ಸರಿಮಾಡಿದರೆ ಬೆಂಗಳೂರಿನ ಸೀಟು ಏರುತ್ತದೆ, ಒಟ್ಟು 224 ಹಾಗೇ ಇದ್ದರೆ ಮಲೆನಾಡು ಮತ್ತು ಕರಾವಳಿ ಒಂದಿಷ್ಟು ಕಳೆದುಕೊಳ್ಳುತ್ತವೆ. ಕರ್ನಾಟಕ ದಿಲ್ಲಿಯ ಮುಂದೆ ಇಡುವ ವಾದವನ್ನೇ ಚಿಕ್ಕಮಗಳೂರು, ಕೊಡಗಿನವರು ಬೆಂಗಳೂರಿನ ಮುಂದೆ ಇಡಬಹುದು, ಅದೇ ಮಾತುಗಳಲ್ಲಿ. ಅವರಿಗೆ ವಿಧಾನಸೌಧ ಏನು ಹೇಳುತ್ತದೆ ಅನ್ನುವುದು ಈಗಲೇ ಗೊತ್ತಾದರೆ ಒಳ್ಳೆಯದು, ಯಾಕೆಂದರೆ ಗಡಿ ಬರೆಯುವ ಆಯೋಗ ಬಂದು ಕೂತ ಮೇಲೆ ಅದರ ಆದೇಶವನ್ನು ಕೋರ್ಟಿನಲ್ಲಿ ಪ್ರಶ್ನಿಸಲು ಸಂವಿಧಾನದ 329ನೇ ವಿಧಿ ಅಡ್ಡ ಬರುತ್ತದೆ.